ಜೀರುಂಡೆ ಎಲ್ಲಿದೆ?

ಹೋದ ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆ ಅಜ್ಜಿಮನೇಲಿದ್ದಾಗ ರಾತ್ರಿ ಕರೆಂಟ್ ಹೋಯ್ತು, ಅದೇ ಹೊತ್ತಿಗೆ ನಾನು ಮಲಗಿದ್ದ ಕೋಣೇಲೇ ಒಂದು ಜೀರುಂಡೆ ಶುರು ಹಚ್ಕೊಳ್ತು. ಮಂಚದ ಕೆಳಗೆ ಅನ್ಸ್ತು, ಬಗ್ಗಿ ನೋಡಿದ್ರೆ ಇಲ್ಲ, ಬೀರು ಹಿಂದೆ ಅನ್ಸ್ತು, ಅಲ್ಲಿಗೆ ಹೋದ್ರೆ ಸದ್ದು ನನ್ನ ಬೆನ್ನ ಹಿಂದಿಂದ ಬರ್ತಿದೆ. "ಮಲ್ಕಳ ಮಾರಾಯ, ಅದು ಸಿಗೂದಿಲ್ಲ" ಅಂದ್ರು ಅಜ್ಜಿ ಕತ್ತಲಲ್ಲಿ. ತಮಾಷೆ ನೋಡಿ, ಅಜ್ಜಿ ಬಾಗಿಲ ಹತ್ರ ನಿಂತಿದಾರೆ ಅಂತ ಆ ಒಂದು ಮಾತಿಗೇ ಗೊತ್ತಾಗೋಯ್ತು, ಅರ್ಧ ಗಂಟೆಯಿಂದ ಕಿರ್ರ್ ಅಂತಿರೋ ಹುಳ ಮಾತ್ರ ಎಲ್ಲಿದೆ ಅಂತ ಗೊತ್ತಾಗ್ತಿಲ್ಲ.

ಯಾಕಪ್ಪಾ ಅಂದ್ರೆ, ಕಿವಿ ಲೆಕ್ಕ ಹಾಕಿ ದಿಕ್ಕು ಹೇಳ್ಬೇಕು. ಸದ್ದು ಗಾಳೀಲಿ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತೆ. ಎಡಗಡೆ ಚಪ್ಪಾಳೆ ತಟ್ಟಿದ್ರೆ ಸದ್ದು ಎಡಗಿವಿಗೆ ಮೊದಲು, ತಲೆ ಸುತ್ತಿಕೊಂಡು ಬಲಗಿವಿಗೆ ಆಮೇಲೆ ತಲುಪುತ್ತೆ, ಈ ಅಂತರ ಎಷ್ಟೇ ಹೆಚ್ಚಂದ್ರೂ ಸೆಕೆಂಡಿನ ಸಾವಿರದಲ್ಲೊಂದು ಪಾಲಿನಷ್ಟೂ ಇಲ್ಲ, ಅದರಲ್ಲಿ ಮುಕ್ಕಾಲಿಗಿಂತ ಕಡಿಮೆ. ಅಷ್ಟರಲ್ಲೇ ಮೆದುಳು ದಿಕ್ಕು ಹಿಡಿದುಬಿಡುತ್ತೆ! ಜೊತೆಗೆ ತಲೆ ಅಡ್ಡ ಬರೋದ್ರಿಂದ ದೂರದ ಕಿವಿಗೆ ಕೀಚಲು ಸದ್ದು ಸ್ವಲ್ಪ ಮೆಲ್ಲಗೆ ಕೇಳುತ್ತೆ, ಅದೂ ಒಂದು ಸುಳಿವು.

ಆದ್ರೆ ಜೀರುಂಡೆ ಈ ಲೆಕ್ಕವನ್ನೇ ಕೆಡಿಸುತ್ತೆ. ಅದರ ಸದ್ದು ಸೆಕೆಂಡಿಗೆ ನಾಲ್ಕೈದು ಸಾವಿರ ಸಲ ಕಂಪಿಸೋ ಹೆಚ್ಚುಕಮ್ಮಿ ಒಂದೇ ಸ್ವರ, ಅಲೆಗಳು ಎಷ್ಟು ಒತ್ತೊತ್ತಾಗಿ ಬರುತ್ವೆ ಅಂದ್ರೆ ಈ ಕಿವಿಗೆ ಬಂದ ಯಾವ ಅಲೆ ಆ ಕಿವಿಗೆ ಬಂದ ಯಾವ ಅಲೆಗೆ ಜೋಡಿ ಅಂತ ಮೆದುಳಿಗೆ ತಿಳಿಯಲ್ಲ. ಸುಮಾರು 1500 ಕಂಪನ ದಾಟಿದ್ರೆ ಈ ಗೊಂದಲ ಶುರು. ಮೇಲಿಂದ ಗೋಡೆಗಳಿಗೆ ಬಡಿದು ವಾಪಸ್ ಬರೋ ಸದ್ದು ಬೇರೆ ಬೆರೆಯುತ್ತೆ. ಅಜ್ಜಿ ಮಾತಲ್ಲಿ ಹಾಗಲ್ಲ, ತಗ್ಗು ಎತ್ತರ ಎಲ್ಲಾ ಸ್ವರಾನೂ ಇರುತ್ತೆ, ಒಂದೊಂದು ಅಕ್ಷರಾನೂ ಟಕ್ ಅಂತ ಶುರುವಾಗುತ್ತೆ, ಮೊದಲು ಬಂದು ತಲುಪಿದ್ದನ್ನೇ ನಂಬಿ ಪ್ರತಿಧ್ವನೀನ ಮೆದುಳು ಬದಿಗಿಡುತ್ತೆ.

ಇಂಗ್ಲೆಂಡಿನ ಲಾರ್ಡ್ ರೇಲೀ (1904ರಲ್ಲಿ ಆರ್ಗಾನ್ ಅನಿಲಕ್ಕೆ ನೊಬೆಲ್ ಸಿಕ್ಕವರು) 1870ರ ದಶಕದಲ್ಲೇ ಇದನ್ನ ಪರೀಕ್ಷೆ ಮಾಡಿದ್ರು. ಹುಲ್ಲುಹಾಸಿನ ಮೇಲೆ ಕಣ್ಣು ಮುಚ್ಚಿ ನಿಂತು ಸುತ್ತ ಜನರನ್ನ ನಿಲ್ಲಿಸ್ಕೊಂಡ್ರು. ಯಾರಾದ್ರೂ ಮಾತಾಡಿದ್ರೆ ದಿಕ್ಕು ಹೇಳೋರು, ಅದೇ ಟ್ಯೂನಿಂಗ್ ಫೋರ್ಕಿನ (ತಟ್ಟಿದ್ರೆ ಒಂದೇ ಸ್ವರ ಕೊಡೋ ಲೋಹದ ಕವಲು) ಒಂಟಿ ಸ್ವರ ಬಂದ್ರೆ ಎಡ ಬಲ ಗೊತ್ತಾಗೋದು, ಮುಂದೋ ಹಿಂದೋ ಅಂತ ತಬ್ಬಿಬ್ಬಾಗೋರು. ನನ್ನ ಬೀರುವಿನ ಕಥೇನೇ ಇದು! ಮುಂದೆ ಹಿಂದೆ, ಮೇಲೆ ಕೆಳಗೆ ಹೇಳೋಕೆ ಹೊರಗಿವಿಯ ಮಡಿಕೆಗಳು ಬೇಕು, ಅವು ಬೇರೆ ಬೇರೆ ಸ್ವರಗಳನ್ನ ಬೇರೆ ಬೇರೆ ಥರ ಬದಲಾಯಿಸಿ ಒಳಗೆ ಬಿಡ್ತವೆ, ಸ್ವರ ಒಂದೇ ಇದ್ರೆ ಹೋಲಿಸೋದು ಯಾವುದಕ್ಕೆ? ತಲೆ ಆಕಡೆ ಈಕಡೆ ತಿರುಗಿಸಿದ್ರೆ ಸ್ವಲ್ಪ ಅಂದಾಜು ಸಿಗುತ್ತೆ, ಆದ್ರೆ ಹೆಜ್ಜೆ ಇಟ್ಟ ತಕ್ಷಣ ಆ ಹುಳ ಸುಮ್ಮನಾಗುತ್ತಲ್ಲ, ಅಲ್ಲಿಗೆ ಮುಗೀತು.

ಕಣ್ಣಿಗೆ ಈ ತಾಪತ್ರಯ ಇಲ್ಲ. ಬೆಳಕು ನೆಟ್ಟಗೆ ಬರುತ್ತೆ, ಎಲ್ಲಿಂದ ಬಂತೋ ಅದಕ್ಕೆ ತಕ್ಕ ಜಾಗದಲ್ಲೇ ಅಕ್ಷಿಪಟಲದ ಮೇಲೆ ಬೀಳುತ್ತೆ, ದಿಕ್ಕು ಲೆಕ್ಕವಿಲ್ಲದೇ ಸಿಕ್ಕಂಗೆ.

ಹಂಗಾದ್ರೆ ಟಾರ್ಚ್ ಹಾಕಿದ್ರೂ ಯಾಕೆ ಕಾಣ್ಲಿಲ್ಲ? ಟಾರ್ಚನ್ನ ಮುಖದ ಪಕ್ಕ ಹಿಡಿದಿದ್ದೆ. ಬೆಳಕು ಹೋಗೋ ದಾರೀಲೇ ಕಣ್ಣಿದ್ರೆ ನೆರಳೆಲ್ಲ ವಸ್ತುವಿನ ಹಿಂದೆ ಅಡಗುತ್ತೆ, ಕಂದು ಹುಳ ಕೆಂಪು ನೆಲದಲ್ಲಿ ಕರಗೋಗುತ್ತೆ. ಅಜ್ಜಿ ಬಂದು ಟಾರ್ಚ್ ಇಸ್ಕೊಂಡು ನೆಲದ ಮೇಲೇ ಅಡ್ಡ ಇಟ್ರು, ಕಿವಿಯೋಲೆ ತಿರುಪು ಬಿದ್ರೆ ಹಿಂಗೇ ಹುಡುಕೋದಂತೆ. ಅಕ್ಕಿಕಾಳಿಗೂ ಉದ್ದುದ್ದ ನೆರಳು ಬಂತು. ಮಂಚದ ಕಾಲಿನ ಪಕ್ಕ, ನಾನು ಎರಡು ಸಲ ನೋಡಿದ ಜಾಗದಲ್ಲೇ, ಗೇಣುದ್ದದ ಒಂದು ನೆರಳು ಮೀಸೆ ಅಲ್ಲಾಡಿಸ್ತಿತ್ತು.

"ಹೊಡೀಬೇಡ, ಹೊರಗೆ ಬಿಡು" ಅಂದ್ರು. ಬಿಟ್ಟೆ. ಐದು ನಿಮಿಷಕ್ಕೆ ಕಿಟಕಿ ಹತ್ರ ಮತ್ತೆ ಶುರು, ಕಿಟಕಿ ಒಳಗೋ ಹೊರಗೋ ಅಂತ ಮಾತ್ರ ಕೇಳ್ಬೇಡಿ.