ಪಾಠ ಸಾಗಿಸಬಹುದು, ವಿದ್ಯಾರ್ಥಿಯ ಪರಿಚಯವನ್ನು?

ಭಿನ್ನರಾಶಿಯಲ್ಲಿ ಎಡವುವ ಹುಡುಗಿಗೆ ಇನ್ನೊಂದು ಉದಾಹರಣೆ ಕೊಡುವುದು, ಚುರುಕಾದವಳನ್ನು ಮುಂದಕ್ಕೆ ಬಿಡುವುದು: ವಿದ್ಯಾರ್ಥಿಗೆ ತಕ್ಕಂತೆ ಹೊಂದಿಕೊಳ್ಳುವ ಕಂಪ್ಯೂಟರ್ ಕಲಿಕಾ ವ್ಯವಸ್ಥೆಯ ಕೆಲಸ ಇದು. ಅದಕ್ಕಾಗಿ ಯಾರಿಗೆ ಯಾವ ವಿಷಯ ಎಷ್ಟು ಬರುತ್ತದೆ ಎಂಬ ಲೆಕ್ಕವನ್ನು ಅದು ಇಟ್ಟಿರುತ್ತದೆ. ಇದರ ಹೆಸರು ವಿದ್ಯಾರ್ಥಿ ಮಾದರಿ. ಹುಡುಗಿ ಬೇರೆ ವ್ಯವಸ್ಥೆಗೆ ಸೇರಿದರೆ ಆ ಲೆಕ್ಕದ ಗತಿ ಏನು?

ಪಾಠದ ಸಾಗಾಟ ಹೆಚ್ಚುಕಡಿಮೆ ಬಗೆಹರಿದಿದೆ. ಅಮೆರಿಕದ ರಕ್ಷಣಾ ಇಲಾಖೆಯ ಎಡಿಎಲ್ ಎಂಬ ಕಲಿಕಾ ಕಾರ್ಯಕ್ರಮ ರೂಪಿಸಿದ ಸ್ಕಾರ್ಮ್ ಮಾನದಂಡದಂತೆ ಕಟ್ಟಿದ ಜಿಪ್ ಕಡತ ಮೂಡಲ್ ಎಂಬ ಕಲಿಕಾ ತಂತ್ರಾಂಶದಲ್ಲೂ ತೆರೆಯುತ್ತದೆ, ಬೇರೆಡೆಯೂ ತೆರೆಯುತ್ತದೆ. ಆದರೆ 2001ರ ಸ್ಕಾರ್ಮ್ 1.2ರಲ್ಲಿ ಪಾಠವು ತನ್ನ ಸ್ಥಿತಿಯನ್ನು ಬರೆದಿಡಲು ಸಿಗುವ ಜಾಗ 4096 ಅಕ್ಷರ ಮಾತ್ರ. ಅದರೊಳಕ್ಕೆ ಪಕ್ಕದ ಪಾಠ ಇಣುಕುವಂತಿಲ್ಲ. 2004ರ ಆವೃತ್ತಿ ಪಾಠಗಳ ಕ್ರಮ ಬದಲಿಸುವ ನಿಯಮಗಳನ್ನು ತಂದಿತು. ಅವುಗಳ ತೊಡಕು ಓದಿದವರಿಗೇ ಗೊತ್ತು.

2013ರಲ್ಲಿ ಬಂದ, ಕಲಿಕೆಯ ಘಟನೆಗಳನ್ನು ದಾಖಲಿಸುವ ಎಕ್ಸ್‌ಎಪಿಐ ಮಾನದಂಡ ನಮಗೆ ಹತ್ತಿರದ್ದು, ಏಕೆಂದರೆ ಅದು ವ್ಯಾಕರಣದ ಪಾಠವೇ: ಕರ್ತೃ, ಕರ್ಮ, ಕ್ರಿಯಾಪದ. 'ಲತಾ ಏಳನೆಯ ಪ್ರಶ್ನೆಗೆ ಉತ್ತರಿಸಿದಳು' ಎಂಬಂಥ ಹೇಳಿಕೆಗಳು ಒಂದು ದಾಖಲೆ ಭಂಡಾರಕ್ಕೆ ಸೇರುತ್ತವೆ. ಆದರೆ ಇದು ನಡೆದದ್ದರ ವರದಿ. ಲತಾಳಿಗೆ ಏನು ಬರುತ್ತದೆ ಎಂಬುದು ಅದರಿಂದ ಊಹಿಸಬೇಕಾದ ವಿಷಯ.

ನಿಜವಾದ ತೊಡಕು ಇಲ್ಲಿದೆ. ಕಾರ್ಬೆಟ್ ಮತ್ತು ಆಂಡರ್ಸನ್ 1995ರಲ್ಲಿ ವಿವರಿಸಿದ ವಿಧಾನವನ್ನು ಒಂದು ವ್ಯವಸ್ಥೆ ಬಳಸುತ್ತದೆ ಎನ್ನಿ. ಮೊದಲೇ ಗೊತ್ತಿರುವ ಸಾಧ್ಯತೆ, ಈಗ ಕಲಿಯುವ ಸಾಧ್ಯತೆ, ಗೊತ್ತಿದ್ದೂ ತಪ್ಪುವ ಸಾಧ್ಯತೆ, ಗೊತ್ತಿಲ್ಲದೆ ಊಹಿಸಿ ಗೆಲ್ಲುವ ಸಾಧ್ಯತೆ ಎಂಬ ನಾಲ್ಕನ್ನೂ ಸೇರಿಸಿ, ಹುಡುಗಿಗೆ ವಿಷಯ ಬರುವ ಸಾಧ್ಯತೆ 0.8 ಎಂದು ಅದು ಹೇಳುತ್ತದೆ. ಇನ್ನೊಂದು ವ್ಯವಸ್ಥೆಗೆ 0.8 ಎಂದರೆ ಹತ್ತರಲ್ಲಿ ಎಂಟು ಸರಿ, ಅಷ್ಟೇ. ಜೊತೆಗೆ ಮೊದಲನೆಯದಕ್ಕೆ ಭಿನ್ನರಾಶಿ ಒಂದೇ ಪರಿಕಲ್ಪನೆ. ಎರಡನೆಯದು ಸಮಛೇದ, ವಿಷಮಛೇದ ಎಂದು ಒಡೆದಿಟ್ಟಿದೆ. ಸಂಖ್ಯೆ ತಲುಪಿತು, ಅರ್ಥ ದಾರಿಯಲ್ಲೇ ಉಳಿಯಿತು.

ಐರೋಪ್ಯ ಒಕ್ಕೂಟದ ನೆರವಿನಲ್ಲಿ 2008ರಿಂದ 2011ರವರೆಗೆ ನಡೆದ ಗ್ರ್ಯಾಪಲ್ ಯೋಜನೆ ಇದನ್ನೇ ಕೈಗೆತ್ತಿಕೊಂಡಿತು. ವಿದ್ಯಾರ್ಥಿಯ ಮಾಹಿತಿಯನ್ನು ಹಲವು ವ್ಯವಸ್ಥೆಗಳು ಹಂಚಿಕೊಳ್ಳುವ ಚೌಕಟ್ಟನ್ನು ಕಟ್ಟಿ, ಒಂದರ ಮಾಹಿತಿಯಿಂದ ಇನ್ನೊಂದಕ್ಕೆ ಬೇಕಾದುದನ್ನು ನಿಯಮಗಳ ಮೂಲಕ ಪಡೆಯುವ ವ್ಯವಸ್ಥೆ ಮಾಡಿತು.

ನನ್ನ ಮಟ್ಟಿಗೆ, ಅಂದಾಜಿನ ಜೊತೆಗೆ ಕಚ್ಚಾ ದಾಖಲೆಯನ್ನೂ ಕಳಿಸುವುದು ಮೇಲು. ಪಡೆದವರು ತಮ್ಮ ಲೆಕ್ಕ ತಾವೇ ಹಾಕಿಕೊಳ್ಳಲಿ. ಆದರೆ ಯಾವ ಪ್ರಶ್ನೆ ಯಾವ ಪರಿಕಲ್ಪನೆಗೆ ಸೇರಿದ್ದು ಎಂಬ ಪಟ್ಟಿ ಇಲ್ಲದಿದ್ದರೆ ಆ ದಾಖಲೆಯೂ ಮೂಕ. ಆ ಪಟ್ಟಿಯನ್ನು ಗಣಿತ ಕಲಿಸುವವರು ಕೂತು ಬರೆಯಬೇಕು.