ಸವಳು ತಿನ್ನುವ ಕಂಬ, ಕಾಯುವ ನಾರಿನ ಬಟ್ಟೆ

ನವಲಗುಂದದ ಕಡೆಯ ಹಳ್ಳಿಯೊಂದರಲ್ಲಿ ಹಳೆಯ ನೀರಿನ ಟ್ಯಾಂಕಿನ ಕಂಬವನ್ನು ಗೌಂಡಿಯೊಬ್ಬರು ಸಣ್ಣ ಸುತ್ತಿಗೆಯಿಂದ ತಟ್ಟುತ್ತ ಬಂದರು. ಎದೆಯೆತ್ತರದಲ್ಲಿ ಟಣ್ ಎಂದ ಕಾಂಕ್ರೀಟ್ ಮೊಣಕಾಲಿನ ಮಟ್ಟದಲ್ಲಿ ಡೊಬ್ ಎಂದಿತು. ಇನ್ನೊಂದು ಪೆಟ್ಟಿಗೆ ಅಂಗೈಯಗಲದ ಚಕ್ಕೆ ಕಳಚಿ ಬಿತ್ತು. ಒಳಗಿನ ಸರಳು ಪದರು ಪದರಾಗಿ ಎದ್ದಿತ್ತು. ಬೆರಳಿಟ್ಟರೆ ಕೆಂಪು ಪುಡಿ. ನೆಲದಿಂದ ಒಂದು ಗೇಣು ಮೇಲೆ ಬಿಳಿ ಉಪ್ಪಿನ ಗೆರೆ.

ಆ ಉಪ್ಪು ಕಂಬಕ್ಕಿಂತ ಹಳೆಯದು. ನವಲಗುಂದ, ನರಗುಂದ, ರೋಣದ ಎರೆ ಸೀಮೆಯಲ್ಲಿ ಬಾವಿ ನೀರು ಸವಳು ಎಂಬುದು ಅಜ್ಜಂದಿರ ಕಾಲದ ಮಾತು. 1970ರ ದಶಕದಲ್ಲಿ ಮಲಪ್ರಭೆಯ ಕಾಲುವೆ ನೀರು ಬಂದ ಮೇಲೆ, ಬೇಗ ಬಸಿಯದ ಎರೆಮಣ್ಣಿನ ತಗ್ಗು ಹೊಲಗಳು ಜವಳು ಹಿಡಿದವು. ಆಳದ ಲವಣ ಮೇಲೆದ್ದಿತು. ಆರ್‌ಸಿಸಿ ಕಟ್ಟಡಗಳು ಹಳ್ಳಿಗಳಿಗೆ ಕಾಲಿಟ್ಟದ್ದೂ ಹೆಚ್ಚುಕಡಿಮೆ ಅದೇ ಕಾಲದಲ್ಲಿ. ಸರಳು ಹಾಕಿದ ಕಾಂಕ್ರೀಟ್ ಕಲಸುವ ನೀರಿನಲ್ಲಿ ಲೀಟರಿಗೆ 500 ಮಿಲಿಗ್ರಾಂಗಿಂತ ಹೆಚ್ಚು ಕ್ಲೋರೈಡ್, ಅಂದರೆ ಉಪ್ಪಿನ ಅಂಶ, ಇರಕೂಡದು ಎನ್ನುತ್ತದೆ ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐಎಸ್ 456. ಕೈಗೆ ಸಿಕ್ಕ ಬೋರ್‌ವೆಲ್ ನೀರನ್ನೇ ಸುರಿದ ಕಡೆ ಆ ಲೆಕ್ಕ ಕೇಳಿದವರು ಯಾರು?

ಒಳ್ಳೆಯ ಕಾಂಕ್ರೀಟಿನ ಪಿಎಚ್, ಅಂದರೆ ಕ್ಷಾರದ ಅಳತೆ, 12.5ರ ಆಸುಪಾಸಿನಲ್ಲಿ, ಇಲ್ಲವೇ ಅದಕ್ಕೂ ಮೇಲಿರುತ್ತದೆ. ಅಷ್ಟು ಕ್ಷಾರದಲ್ಲಿ ಸರಳಿನ ಮೇಲೆ ಕಣ್ಣಿಗೆ ಕಾಣದ ಪೊರೆ ಕಟ್ಟಿ ತುಕ್ಕನ್ನು ತಡೆಯುತ್ತದೆ. ಕ್ಲೋರೈಡ್ ಆ ಪೊರೆಯನ್ನೇ ತೂತು ಮಾಡುತ್ತದೆ. ತುಕ್ಕಿಗೆ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಬೇಕು, ಹಾಗಾಗಿ ಕಂಬ ಒಳಗಿನಿಂದಲೇ ಬಿರಿಯುತ್ತದೆ. ಇನ್ನೊಂದು ಲವಣವಾದ ಸಲ್ಫೇಟ್, ಸಿಮೆಂಟಿನೊಡನೆ ಕೂಡಿ ಉಬ್ಬುವ ಹರಳಾಗುತ್ತದೆ. ಆಮ್ಲ ಸಿಮೆಂಟನ್ನೇ ಕರಗಿಸುತ್ತದೆ; ಹುಬ್ಬಳ್ಳಿಯಂಥ ಊರಿನಲ್ಲಿ ಲೋಹಕ್ಕೆ ಲೇಪ ಹಾಕುವ ಶೆಡ್ಡುಗಳೂ ಒಳಚರಂಡಿಗಳೂ ಎದುರಿಸಬೇಕಾದದ್ದು ಇದನ್ನು. ಒಳಚರಂಡಿಯ ಗಬ್ಬು ಗಾಳಿಯಿಂದ ಬ್ಯಾಕ್ಟೀರಿಯಾ ಗಂಧಕಾಮ್ಲ ಹುಟ್ಟಿಸುತ್ತವೆ ಎಂಬುದು 1945ರಲ್ಲೇ ಮೆಲ್ಬರ್ನ್‌ನಲ್ಲಿ ಗೊತ್ತಾಗಿತ್ತು.

ಇಂಥ ಕಂಬಕ್ಕೆ ಈಗ ಮದ್ದೆಂದು ಸುತ್ತುವುದು ಕಾರ್ಬನ್ ಇಲ್ಲವೇ ಗಾಜಿನ ನಾರಿನ ಬಟ್ಟೆ. ಆದರೆ ಅದು ಬಂದದ್ದು ಈ ರೋಗಕ್ಕೆಂದಲ್ಲ. ಸೇತುವೆಗಳ ಬಲ ಹೆಚ್ಚಿಸಲು ಅಂಟಿಸುತ್ತಿದ್ದ ಉಕ್ಕಿನ ಪಟ್ಟಿಗಳು ಭಾರ, ಜೊತೆಗೆ ಅವಕ್ಕೂ ತುಕ್ಕು. 1980ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಎಂಪಾ ಪ್ರಯೋಗಾಲಯದಲ್ಲಿ ಉರ್ಸ್ ಮೈಯರ್ ಮತ್ತು ಸಂಗಡಿಗರು ಕಾರ್ಬನ್ ನಾರಿನ ಪಟ್ಟಿಯನ್ನು ಪರೀಕ್ಷಿಸಿದರು; 1991ರಲ್ಲಿ ಲುಸೆರ್ನ್ ಬಳಿಯ ಇಬಾಖ್ ಸೇತುವೆಗೆ ಅದನ್ನು ಅಂಟಿಸಲಾಯಿತು. ಕಂಬಕ್ಕೆ ಸುತ್ತುವ ಪದ್ಧತಿ 1994ರ ನಾರ್ತ್‌ರಿಜ್, 1995ರ ಕೋಬೆ ಭೂಕಂಪಗಳ ನಂತರ ಕ್ಯಾಲಿಫೋರ್ನಿಯಾ, ಜಪಾನುಗಳಲ್ಲಿ ವೇಗ ಪಡೆಯಿತು. ಕಂಬ ಸಿಡಿಯದಂತೆ ಬಿಗಿಹಿಡಿಯುವುದು ಅಲ್ಲಿನ ಗುರಿ. ಎಪಾಕ್ಸಿ ಎಂಬ ಅಂಟಿನಲ್ಲಿ ನೆನೆದು ಗಟ್ಟಿಯಾದ ಆ ಪದರ ನೀರು, ಲವಣ, ಆಮ್ಲಗಳನ್ನೂ ಹೊರಗಿಡಬಲ್ಲದು ಎಂಬ ಗುಣ ಜೊತೆಗೇ ಬಂದಿತು. ನಮಗೆ ಈಗ ಬೇಕಿರುವುದು ಆ ಎರಡನೆಯ ಗುಣ.

ಆದರೆ ಹೊರಗಿಡುವುದು ಬೇರೆ, ಒಳಗಿರುವುದನ್ನು ತೆಗೆಯುವುದು ಬೇರೆ. ಸವಳು ನೀರಿನಲ್ಲೇ ಕಲಸಿದ ಕಂಬಕ್ಕೆ ಬಟ್ಟೆ ಸುತ್ತಿದರೆ ಉಪ್ಪು ಒಳಗೇ ಉಳಿಯುತ್ತದೆ. ಕೆಲಸ ಮುಗಿದ ದಿನ ಕಂಬ ಹೊಸದರಂತೆ ಹೊಳೆಯುತ್ತದೆ, ಬಿರುಕು ಕಣ್ಣಿಗೆ ಬೀಳುವುದಿಲ್ಲ. ಮೇಲೆ ಥಳಕು, ಒಳಗೆ ಹುಳುಕು. ಇದನ್ನು ದುರಸ್ತಿ ಎಂದು ಬಿಲ್ ಬರೆಯುವುದು ಆ ಟ್ಯಾಂಕಿನ ಕೆಳಗೆ ಕೊಡ ಹಿಡಿದು ನಿಲ್ಲುವವರಿಗೆ ಮಾಡುವ ಮೋಸ.

ಹಾಗಾಗಿ ಕೆಲಸದ ಬಹುಪಾಲು ಬಟ್ಟೆಗಿಂತ ಮೊದಲಿನದು. ಸರಳಿನ ಹಿಂಬದಿಯವರೆಗೂ ಕೆಟ್ಟ ಕಾಂಕ್ರೀಟ್ ಕಡಿದು ತೆಗೆಯಬೇಕು, ತುಕ್ಕು ಉಜ್ಜಬೇಕು, ತೀರ ಸವೆದ ಸರಳಿಗೆ ಜೋಡಿ ಸರಳು ಕೊಡಬೇಕು, ಹೊಸ ಗಾರೆ ತುಂಬಿ ಒಣಗಿಸಬೇಕು. ಚೌಕ ಕಂಬವಾದರೆ ಮೂಲೆಗಳನ್ನು ದುಂಡಗೆ ಮಾಡಬೇಕು. ಚೂಪು ಅಂಚಿನಲ್ಲಿ ನಾರು ಹರಿಯುತ್ತದೆ. ಗಾಜಿನ ನಾರು ಅಗ್ಗ, ಆದರೆ ಕ್ಷಾರಕ್ಕೆ ಸೋಲುತ್ತದೆ, ಕಾರ್ಬನ್ ಸೋಲುವುದಿಲ್ಲ. ಎಪಾಕ್ಸಿಗೆ ಬಿಸಿಲು ಆಗದು, ಮೇಲೆ ಬಣ್ಣ ಬೇಕೇ ಬೇಕು.

ನಮ್ಮ ನೆಲದಲ್ಲಿ ಇನ್ನೂ ಒಂದು ಮಾತಿದೆ. ಸವಳು ಬುಡದಿಂದ ಹತ್ತುತ್ತದೆ. ಕಣ್ಣಿಗೆ ಕಾಣುವಷ್ಟು ಕಂಬಕ್ಕೆ ಮಾತ್ರ ಸುತ್ತಿದರೆ ನೀರು ಮಣ್ಣಿನೊಳಗಿನ ಬರಿಯ ಭಾಗದಿಂದ ಒಳಹೊಕ್ಕು ಮೇಲೇರುತ್ತದೆ.

ಆ ಟ್ಯಾಂಕಿನ ಬುಡದಲ್ಲೂ ಅಡಿಪಾಯದವರೆಗೆ ಅಗೆದರು. ಗುಂಡಿಯ ತಳದಲ್ಲಿ ನೀರು ಒಸರುತ್ತಿತ್ತು. ಅದನ್ನು ಬಸಿದು ಹಳ್ಳಕ್ಕೆ ಬಿಡುವ ಗಟಾರು ಆಗುವವರೆಗೆ ಬಟ್ಟೆಯ ಸುರುಳಿ ಬಿಚ್ಚುವುದಿಲ್ಲ ಎಂದರು ಎಂಜಿನಿಯರ್. ಗೌಂಡಿ ತಲೆಯಾಡಿಸಿ ಸುತ್ತಿಗೆ ಬದಿಗಿಟ್ಟು ಸಲಿಕೆ ಎತ್ತಿಕೊಂಡರು.