ಗಣಿತ ಬಿಡುವ ಮೊದಲು

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದರೆ ಸಾಕು, ನಮ್ಮ ಕಾಸರಗೋಡಿನಲ್ಲಿ ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಅಪ್ಪ ಅಮ್ಮಂದಿರದ್ದು ಒಂದೇ ಪ್ರಶ್ನೆ: “ಟೀಚರೇ, ಹುಡುಗಿಗೆ ಆರ್ಮಿ ಒಳ್ಳೆಯದೋ, ನೇವಿಯೋ, ಏರ್‌ಫೋರ್ಸೋ?” ಎಲ್ಲಿ ಅಪಾಯ ಕಡಿಮೆ, ಯಾವ ಯೂನಿಫಾರ್ಮ್ ಚೆಂದ ಎಂದೆಲ್ಲ ಚರ್ಚೆ. ಅಷ್ಟರಲ್ಲಿ ಅಕ್ಷಯ ಕೇಂದ್ರದಲ್ಲಿ (ಸರಕಾರಿ ಆನ್‌ಲೈನ್ ಸೇವಾ ಕೇಂದ್ರ) ಪ್ಲಸ್ ವನ್, ಅಂದರೆ ಹನ್ನೊಂದನೆಯ ತರಗತಿಯ ಪ್ರವೇಶಕ್ಕೆ ಏಕಜಾಲಕದ ಅರ್ಜಿ ಹಾಕಿ ಆಗಿರುತ್ತದೆ, ಗಣಿತವಿಲ್ಲದ ಗ್ರೂಪಿಗೆ. “ಮಿಲಿಟರಿಗೆ ಗಣಿತ ಯಾಕೆ ಮಾರಾಯ್ರೇ?”

ಯಾಕೆಂದರೆ ಯಾವ ಪಡೆ ಎಂಬುದು ಅರ್ಧಕ್ಕರ್ಧ ತೀರ್ಮಾನವಾಗುವುದೇ ಆ ಅರ್ಜಿಯಲ್ಲಿ. ಪ್ಲಸ್ ಟೂ ಆದವರನ್ನು ಮೂರೂ ಪಡೆಗಳ ಅಧಿಕಾರಿಗಳಾಗಲು ತಯಾರು ಮಾಡುವ ನ್ಯಾಷನಲ್ ಡಿಫೆನ್ಸ್ ಅಕಾಡೆಮಿ, ಅಂದರೆ ಎನ್‌ಡಿಎಗೆ ಹುಡುಗಿಯರು 2022ರಿಂದ ಸೇರುತ್ತಿದ್ದಾರೆ. ಅವರ ಮೊದಲ ತಂಡ 2025ರ ಮೇಯಲ್ಲಿ ಹೊರಬಂತು. ಅಲ್ಲಿ ನೇವಿ, ಏರ್‌ಫೋರ್ಸ್ ಬೇಕಾದರೆ ಹನ್ನೆರಡನೆಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ ಮೂರೂ ಇರಬೇಕು. ಆರ್ಮಿಗೆ ಯಾವ ಗ್ರೂಪ್ ಆದರೂ ಸರಿ. ಇದನ್ನು ಕೇಳಿದ ಕೂಡಲೇ “ಹಾಗಾದರೆ ಹ್ಯುಮಾನಿಟೀಸ್ ಸಾಕಲ್ಲ” ಎನ್ನುತ್ತಾರೆ. ಸಾಕು, ಅರ್ಜಿ ಹಾಕುವುದಕ್ಕೆ! ಪರೀಕ್ಷೆ ಎಲ್ಲರಿಗೂ ಒಂದೇ. ಲಿಖಿತದ 900 ಅಂಕಗಳಲ್ಲಿ 300 ಗಣಿತದ್ದು: ಎರಡೂವರೆ ಗಂಟೆ, 120 ಪ್ರಶ್ನೆ, ತಪ್ಪಿದರೆ ಮೂರನೇ ಒಂದು ಪಾಲು ಅಂಕ ಕಡಿತ. ಕ್ಯಾಲ್ಕುಲಸ್, ಮ್ಯಾಟ್ರಿಕ್ಸ್, ವೆಕ್ಟರ್ ಎಲ್ಲ ಇರುತ್ತವೆ. ಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ, ಕನ್ನಡ ಮಾಧ್ಯಮದ ಮಕ್ಕಳು ಪ್ಲಸ್ ವನ್‌ನಿಂದಲೇ ಇಂಗ್ಲಿಷಿನಲ್ಲಿ ಲೆಕ್ಕ ಓದಿ ಅಭ್ಯಾಸ ಮಾಡಿಕೊಳ್ಳಬೇಕು. ವಯಸ್ಸು ಹದಿನಾರೂವರೆಯಿಂದ ಹತ್ತೊಂಬತ್ತೂವರೆ, ಹಾಗಾಗಿ “ಡಿಗ್ರಿ ಆದ ಮೇಲೆ ನೋಡುವ” ಎಂಬ ಮಾತಿಗೆ ಇಲ್ಲಿ ಜಾಗವಿಲ್ಲ.

ಡಿಗ್ರಿಯ ನಂತರವೂ ಈ ಗಣಿತ ಬೆನ್ನು ಬಿಡುವುದಿಲ್ಲ. ಬಿಎಸ್ಸಿಯಲ್ಲಿ ಒಳ್ಳೆಯ ಅಂಕ ತೆಗೆದು, ವಿಮಾನ ಹಾರಿಸುವ ಆಸೆಯಿಂದ ಏರ್‌ಫೋರ್ಸಿನ ಅಧಿಕಾರಿ ಪರೀಕ್ಷೆಯಾದ ಎಎಫ್‌ಕ್ಯಾಟ್‌ಗೆ ಹೊರಡುವ ಹುಡುಗಿಯರಿದ್ದಾರೆ. ಫ್ಲೈಯಿಂಗ್ ಶಾಖೆಗೆ ಪ್ಲಸ್ ಟೂನಲ್ಲಿ ಗಣಿತ, ಫಿಸಿಕ್ಸ್ ಎರಡರಲ್ಲೂ ಶೇಕಡಾ 50 ಬೇಕು ಎಂದು ಅವರಿಗೆ ಆಗ ಗೊತ್ತಾಗುತ್ತದೆ. ಡಿಗ್ರಿಯ ಅಂಕಪಟ್ಟಿ ಇದನ್ನು ತುಂಬಿಕೊಡುವುದಿಲ್ಲ. ಆ ಮುಖ ನೋಡುವಾಗ ಬೇಸರವಾಗುತ್ತದೆ. ಅವರಿಗೆ ಉಳಿಯುವುದು ಅಡ್ಮಿನಿಸ್ಟ್ರೇಶನ್, ಲಾಜಿಸ್ಟಿಕ್ಸ್‌ನಂಥ ನೆಲದ ಶಾಖೆಗಳು. ಅವೂ ಅಧಿಕಾರಿ ಹುದ್ದೆಗಳೇ, ಕೀಳೇನಲ್ಲ. ಕೇಳಿದ್ದು ಅದಲ್ಲ, ಅಷ್ಟೇ. ಫ್ಲೈಯಿಂಗ್‌ಗೆ ಹೋಗುವವರು ಇನ್ನೊಂದು ನೆನಪಿಡಿ: ಪೈಲಟ್ ಆಯ್ಕೆಯ ಕಂಪ್ಯೂಟರ್ ಪರೀಕ್ಷೆ ಜೀವನದಲ್ಲಿ ಒಂದೇ ಸಲ. ಎತ್ತರವೂ ಸುಮಾರು 163 ಸೆಂ.ಮೀ. ಬೇಕು, ಕಾಲಿನ ಉದ್ದವನ್ನು ಬೇರೆಯಾಗಿ ಅಳೆಯುತ್ತಾರೆ.

ಪಯ್ಯನ್ನೂರಿನ ಹತ್ತಿರದ ಏಳಿಮಲೆ ನೇವಲ್ ಅಕಾಡೆಮಿ ನಮಗೆ ಅಷ್ಟು ಹತ್ತಿರ ಎಂಬ ಕಾರಣಕ್ಕೇ ನೇವಿ ಬೇಕೆನ್ನುವವರೂ ಉಂಟು. ತರಬೇತಿ ಮುಗಿದರೆ ಕೆಲಸ ವಿಶಾಖಪಟ್ಟಣವೋ ಅಂಡಮಾನೋ, ಯಾರು ಬಲ್ಲರು! ಆ ಅಕಾಡೆಮಿಗೆ ಬಿ.ಟೆಕ್ ದಾರಿಯಲ್ಲಿ ಸೇರಲು ಜೆಇಇ ಮೈನ್ ರ‍್ಯಾಂಕ್ ಕೇಳುತ್ತಾರೆ. ಮತ್ತೆ ಗಣಿತ.

ಗಣಿತ ನಿಜವಾಗಿಯೂ ಆಗದವಳನ್ನು ಹಿಂಸಿಸಬೇಡಿ. ಯಾವುದೇ ಡಿಗ್ರಿ ಮುಗಿಸಿ ಡಿಗ್ರಿಯವರ ಸೇನಾ ಅಧಿಕಾರಿ ಪರೀಕ್ಷೆಯಾದ ಸಿಡಿಎಸ್ ಬರೆದು ಚೆನ್ನೈಯ ಓಟಿಎಗೆ (ಆರ್ಮಿ ಅಧಿಕಾರಿಗಳ ತರಬೇತಿ ಅಕಾಡೆಮಿ) ಹೋಗಬಹುದು. ಓಟಿಎ ಅಭ್ಯರ್ಥಿಗಳಿಗೆ ಗಣಿತ ಪತ್ರಿಕೆಯೇ ಇಲ್ಲ, ಇಂಗ್ಲಿಷ್ ಮತ್ತು ಸಾಮಾನ್ಯ ಜ್ಞಾನ ಮಾತ್ರ. ಬಯಾಲಜಿ ಓದಿದವಳಿಗೆ ನೀಟ್ ಮೂಲಕ ಮಿಲಿಟರಿ ನರ್ಸಿಂಗ್ ಇದೆ, ಅದೂ ಲೆಫ್ಟಿನೆಂಟ್ ಹುದ್ದೆಯಿಂದಲೇ ಶುರು. ಅಗ್ನಿವೀರ್ ಬೇರೆ ಬಾಬತ್ತು. ಅದು ಅಧಿಕಾರಿ ಹುದ್ದೆಯಲ್ಲ, ನಾಲ್ಕು ವರ್ಷದ ಸೇವೆ, ಮುಂದೆ ಉಳಿಸಿಕೊಳ್ಳುವುದು ಗರಿಷ್ಠ ಶೇಕಡಾ 25.

ಮಗಳ ಮನಸ್ಸು ಇನ್ನೂ ಗಟ್ಟಿಯಾಗಿಲ್ಲವೋ, ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ, ಗಣಿತ ನಾಲ್ಕೂ ಇರುವ ಗ್ರೂಪನ್ನು ಮೊದಲ ಆಯ್ಕೆಯಾಗಿ ಹಾಕಿ. ಟ್ರಯಲ್ ಅಲಾಟ್‌ಮೆಂಟ್ (ಸೀಟು ಹಂಚಿಕೆಯ ಪ್ರಾಯೋಗಿಕ ಪಟ್ಟಿ) ಬಂದಾಗ ತಿದ್ದಲು ಅವಕಾಶ ಕೊಡುತ್ತಾರೆ, ಆ ದಿನ ತಪ್ಪಿಸಬೇಡಿ. ನಿಯಮಗಳು ಆಗಾಗ ಅಷ್ಟಿಷ್ಟು ಬದಲಾಗುವುದರಿಂದ ಆಯಾ ವರ್ಷದ ಅಧಿಸೂಚನೆಯನ್ನೇ ಓದಿ, ವಾಟ್ಸಾಪಿನಲ್ಲಿ ಬಂದದ್ದನ್ನಲ್ಲ. ಹಾಗೆಯೇ ಎಸ್ಸೆಸ್ಸೆಲ್ಸಿ ಸರ್ಟಿಫಿಕೇಟಿನ ಹೆಸರು, ಇನಿಶಿಯಲ್, ಜನ್ಮದಿನಾಂಕ ಆಧಾರ್‌ಗೆ ತಾಳೆಯಾಗುತ್ತವೆಯೇ ಎಂದು ಅದೇ ಅಕ್ಷಯ ಕೇಂದ್ರದಲ್ಲಿ ನೋಡಿಸಿಕೊಂಡು ಬನ್ನಿ.